ಎಡ್ವರ್ಡೋ ವಿಲಿಯಮ್ಮೋ, ಜೇಮ್ಸೋ ಜೇಕಬ್ಬೋ: ಗಂಡುಮಗುವಿಗೆ ಇಂಗ್ಲಿಷ್ ಹೆಸರನ್ನು ಆರಿಸುವವರಿಗೆ ಹೋಲಿಕೆಯ ಮಾರ್ಗದರ್ಶಿ

ಇಂಗ್ಲಿಷ್ ಹೆಸರುಗಳ ಯಾವ ಪಟ್ಟಿಯನ್ನು ತೆರೆದರೂ ಪ್ರತಿಯೊಂದು ಹೆಸರಿನ ಎದುರಿಗೆ ಒಂದು ಅರ್ಥ ಸಿದ್ಧವಾಗಿರುತ್ತದೆ. ಎಡ್ವರ್ಡ್ ಎಂದರೆ ಸಂಪತ್ತನ್ನು ಕಾಯುವವನು, ರಿಚರ್ಡ್ ಎಂದರೆ ಬಲಶಾಲಿ ಅರಸ, ಜಾರ್ಜ್ ಎಂದರೆ ಬೇಸಾಯಗಾರ, ಆರ್ಥರ್ ಎಂದರೆ ಕರಡಿ. ಆದರೆ ಈ ಅರ್ಥಗಳೆಲ್ಲವೂ ಒಂದೇ ತೂಕದವಲ್ಲ. ಕೆಲವು ಸಂದೇಹಕ್ಕೆ ಎಡೆಯಿಲ್ಲದಷ್ಟು ಖಚಿತವಾಗಿವೆ, ಕೆಲವು ವಿದ್ವಾಂಸರ ನಡುವೆ ಇನ್ನೂ ತೀರ್ಮಾನವಾಗದೆ ಉಳಿದಿವೆ, ಮತ್ತೆ ಕೆಲವು ಎರಡು ತುಂಡುಗಳ ಅರ್ಥವನ್ನು ಯಾರೋ ಬಲವಂತವಾಗಿ ಹೊಲಿದು ಮಾಡಿದ ವಾಕ್ಯಗಳಾಗಿವೆ. ಲಂಡನ್ನಿನಲ್ಲೋ ನ್ಯೂಜೆರ್ಸಿಯಲ್ಲೋ ನೆಲೆಸಿರುವ ಕನ್ನಡ ಕುಟುಂಬಗಳು, ತಂದೆತಾಯಿಯರಲ್ಲಿ ಒಬ್ಬರು ಇಂಗ್ಲೆಂಡಿನವರಾಗಿರುವ ಮನೆಗಳು, ಕರ್ನಾಟಕದ ಕ್ರೈಸ್ತ ಕುಟುಂಬಗಳು ಮಗುವಿಗೆ ಇಂಥ ಹೆಸರನ್ನು ಹುಡುಕುವಾಗ ಮೊದಲು ಕೇಳುವ ಪ್ರಶ್ನೆ ‘ಅರ್ಥವೇನು’ ಎಂಬುದೇ ಆಗಿರುತ್ತದೆ. ನಮ್ಮ ಹೆಸರುಗಳಿಗೆ ಆ ಪ್ರಶ್ನೆ ಸರಿಯಾಗಿಯೇ ಹೊಂದುತ್ತದೆ. ಇಂಗ್ಲಿಷ್ ಹೆಸರುಗಳಿಗಾದರೋ, ಹೆಸರು ಯಾವ ಹಾದಿಯಿಂದ ಬಂತು, ಅದನ್ನು ಯಾರು ಯಾವ ಕಾಲದಲ್ಲಿ ಏಕೆ ಇಟ್ಟರು ಎಂಬ ಪ್ರಶ್ನೆಯೇ ಆಯ್ಕೆಗೆ ಹೆಚ್ಚು ಗಟ್ಟಿಯಾದ ಆಧಾರವೆಂಬುದು ನನ್ನ ನಿಲುವು. ಮುಂದಿನ ಹೋಲಿಕೆಗಳನ್ನೆಲ್ಲ ಆ ನಿಲುವಿನಿಂದಲೇ ಮಾಡಿದ್ದೇನೆ.

ಎಡ್ವರ್ಡ್ ಮತ್ತು ಅವನ ಬಳಗ

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆಲ್ಲುವ ಮೊದಲು ಅಲ್ಲಿನ ಕುಲೀನರ ಹೆಸರುಗಳು ಬಹುಮಟ್ಟಿಗೆ ಎರಡು ತುಂಡುಗಳನ್ನು ಜೋಡಿಸಿ ಮಾಡಿದವಾಗಿದ್ದವು. ಎಡ್ವರ್ಡ್ ಹೆಸರಿನ ಮೊದಲ ತುಂಡಿಗೆ ಹಳೆಯ ಇಂಗ್ಲಿಷಿನಲ್ಲಿ ಸಂಪತ್ತು, ಭಾಗ್ಯ ಎಂಬ ಅರ್ಥವಿತ್ತು. ಎರಡನೆಯದಕ್ಕೆ ಕಾಯುವವನು ಎಂಬ ಅರ್ಥ. ಅದೇ ಮೊದಲ ತುಂಡಿಗೆ ‘ರಕ್ಷಣೆ’ ಸೇರಿದರೆ ಎಡ್ಮಂಡ್, ‘ಈಟಿ’ ಸೇರಿದರೆ ಎಡ್ಗರ್, ‘ಗೆಳೆಯ’ ಸೇರಿದರೆ ಎಡ್ವಿನ್. ಆಲ್ಫ್ರೆಡ್ ಹೆಸರಿನಲ್ಲಿ ಮೊದಲು ಬರುವುದು ‘ಎಲ್ಫ್’, ಅಂದರೆ ನಮ್ಮ ಯಕ್ಷರನ್ನು ನೆನಪಿಸುವ, ಮನುಷ್ಯರ ಕಣ್ಣಿಗೆ ಬೀಳದ ಜೀವಿ. ಎರಡನೆಯದು ಆಲೋಚನೆ, ಸಲಹೆ.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳದಿದ್ದರೆ ಮುಂದಿನ ಹೋಲಿಕೆಗಳೆಲ್ಲ ದಾರಿತಪ್ಪುತ್ತವೆ. ಈ ತುಂಡುಗಳನ್ನು ಜೋಡಿಸಿದವರು ಅವೆರಡರಿಂದ ಒಂದು ಅರ್ಥವತ್ತಾದ ಪದ ಹುಟ್ಟಬೇಕೆಂದು ಯೋಚಿಸಿ ಜೋಡಿಸುತ್ತಿರಲಿಲ್ಲ. ವೂಸ್ಟರಿನ ಬಿಷಪ್ಪನಾಗಿದ್ದು 1095ರಲ್ಲಿ ತೀರಿಕೊಂಡ ಸಂತ ವುಲ್ಫ್‌ಸ್ಟಾನನ ಹೆಸರನ್ನು ಬಿಡಿಸಿದರೆ ‘ತೋಳ’ ಮತ್ತು ‘ಕಲ್ಲು’ ಸಿಗುತ್ತವೆ. ತೋಳಗಲ್ಲು ಎಂಬುದಕ್ಕೆ ಯಾವ ಅರ್ಥವೂ ಇಲ್ಲ. ಆದರೆ ಅವನ ತಾಯಿಯ ಹೆಸರು ವುಲ್ಫ್‌ಗಿಫು, ತಂದೆಯ ಹೆಸರು ಎಥೆಲ್‌ಸ್ಟಾನ್. ತಾಯಿಯಿಂದ ಮೊದಲ ತುಂಡು, ತಂದೆಯಿಂದ ಎರಡನೆಯದು ಬಂದು ಮಗನ ಹೆಸರಾಯಿತು. ಆಲ್ಫ್ರೆಡ್ ದೊರೆಯ ಮನೆಯಲ್ಲೂ ಇದೇ ಕ್ರಮ ಕಾಣುತ್ತದೆ. ಅವನ ತಂದೆ ಎಥೆಲ್‌ವುಲ್ಫ್, ಅಣ್ಣಂದಿರು ಎಥೆಲ್‌ಬಾಲ್ಡ್, ಎಥೆಲ್‌ಬರ್ಟ್, ಎಥೆಲ್‌ರೆಡ್. ‘ಎಥೆಲ್’ ಎಂದರೆ ಕುಲೀನ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಪದ್ಧತಿಯನ್ನು ಬಲ್ಲವರಿಗೆ ಈ ಕ್ರಮದ ಹಿಂದಿನ ಮನಸ್ಸು ಕೂಡಲೇ ಅರ್ಥವಾಗುತ್ತದೆ: ಇಲ್ಲಿ ಹೆಸರು ವಂಶದ ಗುರುತು, ಅರ್ಥ ಅದರ ಹಿಂದೆ ಬರುವಂಥದ್ದು. ಹಾಗೆಂದು ಆ ಕಾಲದವರಿಗೆ ತುಂಡುಗಳ ಅರ್ಥ ಕೇಳಿಸುತ್ತಲೇ ಇರಲಿಲ್ಲವೆಂದಲ್ಲ. ಡೆನ್ಮಾರ್ಕಿನಿಂದ ಬಂದ ಡೇನರ ದಾಳಿಯ ಮುಂದೆ ಸೋತ ಎರಡನೆಯ ಎಥೆಲ್‌ರೆಡ್ ದೊರೆಗೆ, ಅವನ ಹೆಸರಿನಲ್ಲಿದ್ದ ‘ಕುಲೀನ ಆಲೋಚನೆ’ಯನ್ನು ತಿರುಗಿಸಿ, ‘ಆಲೋಚನೆಗೆಟ್ಟವನು’ ಎಂಬ ಅಡ್ಡಹೆಸರು ಅಂಟಿಕೊಂಡಿತು.

ನಾರ್ಮನ್ನರು ಬಂದ ನಂತರ ಈ ಹಳೆಯ ಹೆಸರುಗಳಲ್ಲಿ ಹೆಚ್ಚಿನವು ಕೆಲವೇ ತಲೆಮಾರುಗಳಲ್ಲಿ ಮರೆಯಾದವು. ಎಡ್ವರ್ಡ್ ಉಳಿದದ್ದಕ್ಕೆ ಒಂದು ನಿರ್ದಿಷ್ಟ ಕಾರಣವಿದೆ. 1066ರ ಜನವರಿಯಲ್ಲಿ ತೀರಿಕೊಂಡ ಎಡ್ವರ್ಡ್ ದೊರೆಯನ್ನು 1161ರಲ್ಲಿ ಸಂತನೆಂದು ಘೋಷಿಸಲಾಯಿತು. ಆ ಸಂತನ ಮೇಲೆ ಅಪಾರ ಭಕ್ತಿಯಿದ್ದ ಮೂರನೆಯ ಹೆನ್ರಿ 1239ರಲ್ಲಿ ಹುಟ್ಟಿದ ತನ್ನ ಹಿರಿಯ ಮಗನಿಗೆ ಎಡ್ವರ್ಡ್ ಎಂದೂ ಕಿರಿಯವನಿಗೆ ಎಡ್ಮಂಡ್ ಎಂದೂ ಹೆಸರಿಟ್ಟ. ಫ್ರೆಂಚ್ ಮಾತನಾಡುವ ಅರಮನೆಗೆ ಸೋತವರ ಹೆಸರು ಹೀಗೆ ಮರಳಿ ಬಂತು. ಅಲ್ಲಿಂದ 20ನೇ ಶತಮಾನದವರೆಗೆ ಎಂಟು ಮಂದಿ ಎಡ್ವರ್ಡ್ ದೊರೆಗಳಾದರು. ಆಲ್ಫ್ರೆಡ್, ಎಡ್ವಿನ್, ಎಡ್ಗರ್ ಹೆಸರುಗಳಿಗೆ ಈ ಭಾಗ್ಯ ದೊರೆಯಲಿಲ್ಲ. ಅವು ಬಹುಕಾಲ ಅಪರೂಪವಾಗಿದ್ದು 19ನೇ ಶತಮಾನದಲ್ಲಿ, ಹಳೆಯ ಇಂಗ್ಲೆಂಡಿನ ಮೇಲಿನ ಅಭಿಮಾನ ಚಿಗುರಿದಾಗ, ಮತ್ತೆ ಮೇಲೆದ್ದವು. ವಿಕ್ಟೋರಿಯಾ ರಾಣಿ 1844ರಲ್ಲಿ ತನ್ನ ಎರಡನೆಯ ಮಗನಿಗೆ ಆಲ್ಫ್ರೆಡ್ ಎಂದು ಹೆಸರಿಟ್ಟಳು.

ಆದ್ದರಿಂದ ಈ ಬಳಗದೊಳಗೆ ಆಯ್ಕೆ ಮಾಡುವವರು ತಮಗೆ ಕಡಿಯದ ಎಳೆ ಬೇಕೋ, ಮರಳಿ ಬಂದ ಹಳಮೆಯ ಸೊಗಸು ಬೇಕೋ ಎಂದು ಕೇಳಿಕೊಳ್ಳಬೇಕು. ಮೊದಲನೆಯದು ಬೇಕಾದರೆ ಎಡ್ವರ್ಡಿಗೆ ಸಾಟಿಯಿಲ್ಲ. ಎರಡನೆಯದು ಬೇಕಾದರೆ ನಾನು ಎಡ್ವಿನ್ ಹೆಸರನ್ನು ಆಲ್ಫ್ರೆಡ್ಡಿಗಿಂತ ಮೇಲೆ ಇಡುತ್ತೇನೆ: ಅದರ ಎರಡು ತುಂಡುಗಳೂ ಮಂಗಳಕರವಾಗಿವೆ, ಉಚ್ಚಾರ ಕನ್ನಡದ ನಾಲಿಗೆಗೆ ಸಲೀಸು, ಮತ್ತು ಕರ್ನಾಟಕದ ಕ್ರೈಸ್ತ ಕುಟುಂಬಗಳಲ್ಲಿ ಅದು ಈಗಾಗಲೇ ಪರಿಚಿತ.

ವಿಲಿಯಂ, ರಾಬರ್ಟ್, ಹೆನ್ರಿ

ಗೆದ್ದವರು ತಂದ ಹೆಸರುಗಳೂ ಮೂಲದಲ್ಲಿ ಜರ್ಮ್ಯಾನಿಕ್, ಅಂದರೆ ಇಂಗ್ಲಿಷ್, ಜರ್ಮನ್ ಭಾಷೆಗಳ ಬಳಗದ ಹೆಸರುಗಳೇ. ಫ್ರಾನ್ಸಿನ ಮೂಲಕ ಬಂದವು ಎಂಬುದಷ್ಟೇ ವ್ಯತ್ಯಾಸ. ವಿಲಿಯಂ ಎಂಬಲ್ಲಿ ‘ಇಚ್ಛೆ’ ಮತ್ತು ‘ಶಿರಸ್ತ್ರಾಣ’, ರಾಬರ್ಟಿನಲ್ಲಿ ‘ಕೀರ್ತಿ’ ಮತ್ತು ‘ಪ್ರಕಾಶ’, ರಿಚರ್ಡಿನಲ್ಲಿ ‘ಅಧಿಕಾರ’ ಮತ್ತು ‘ದಿಟ್ಟ’, ಹೆನ್ರಿಯಲ್ಲಿ ‘ಮನೆ’ ಮತ್ತು ‘ಒಡೆಯ’ ಇವೆ. ವಿಲಿಯಂ ಎಷ್ಟು ಹರಡಿತೆಂದರೆ, 12ನೇ ಶತಮಾನದ ಎಪ್ಪತ್ತರ ದಶಕದಲ್ಲಿ ಎರಡನೆಯ ಹೆನ್ರಿಯ ಮಗ ನಾರ್ಮಂಡಿಯಲ್ಲಿ ಕೊಟ್ಟ ಔತಣದಲ್ಲಿ, ವಿಲಿಯಂ ಎಂಬ ಹೆಸರಿಲ್ಲದವರನ್ನೆಲ್ಲ ಒಂದು ಕೋಣೆಯಿಂದ ಹೊರಗೆ ಕಳುಹಿಸಿದ ಮೇಲೂ ನೂರಕ್ಕೂ ಹೆಚ್ಚು ಮಂದಿ ಸರದಾರರು ಒಳಗೆ ಉಳಿದರೆಂದು ಆ ಕಾಲದ ವೃತ್ತಾಂತಕಾರನೊಬ್ಬ ಬರೆದಿಟ್ಟಿದ್ದಾನೆ.

ವಿಲಿಯಂ ಹೆಸರಿನ ಇನ್ನೊಂದು ಶಾಖೆಯನ್ನು ಗಮನಿಸಬೇಕು. ಐರಿಷ್ ಭಾಷೆಯಲ್ಲಿ ಅದು ‘ಉಲಿಯಂ’ ಆಗಿ, ಅದರ ಬಾಲ ಮಾತ್ರ ಉಳಿದು ‘ಲಿಯಂ’ ಆಯಿತು. 2017ರಿಂದ ಅಮೆರಿಕದಲ್ಲಿ ಗಂಡುಮಕ್ಕಳ ಹೆಸರುಗಳಲ್ಲಿ ಮೊದಲ ಸ್ಥಾನದಲ್ಲಿರುವುದು ಈ ಲಿಯಂ. ವಿಲಿಯಂ ಮತ್ತು ಲಿಯಂ ನಡುವೆ ತೂಗುವವರು ಇವು ಎರಡು ಹೆಸರುಗಳಲ್ಲ, ಒಂದೇ ಹೆಸರಿನ ಎರಡು ವಯಸ್ಸುಗಳೆಂದು ತಿಳಿದರೆ ಸಾಕು; ಲಿಯಂ ಎಂದರೆ ‘ದೃಢವಾದ ರಕ್ಷಕ’ ಎಂದು ಬರೆಯುವ ಪಟ್ಟಿಗಳು ಎರಡು ತುಂಡುಗಳನ್ನು ಹೊಲಿದು ವಾಕ್ಯ ಮಾಡಿದ ಪಟ್ಟಿಗಳು. ನನ್ನನ್ನು ಕೇಳಿದರೆ ದಾಖಲೆಯಲ್ಲಿ ವಿಲಿಯಂ ಇಡುವುದು ಲೇಸು. ಅದರಿಂದ ವಿಲ್, ಬಿಲ್, ಬಿಲ್ಲಿ, ಲಿಯಂ ಎಲ್ಲವೂ ಹುಟ್ಟಬಲ್ಲವು. ಲಿಯಂನಿಂದ ಹಿಂದಕ್ಕೆ ಹೋಗುವ ದಾರಿಯಿಲ್ಲ. ಕನ್ನಡದಲ್ಲಿ ಮಾತ್ರ ಒಂದು ಎಚ್ಚರಿಕೆ ಬೇಕು. ವಿಭಕ್ತಿ ಪ್ರತ್ಯಯ ಹತ್ತಿದಾಗ ‘ವಿಲಿಯಮ್ಮನ ಪುಸ್ತಕ’, ‘ವಿಲಿಯಮ್ಮನಿಗೆ ಕೊಡು’ ಎಂದಾಗುತ್ತದೆ, ಕಿವಿಗೆ ‘ಅಮ್ಮ’ ಕೇಳಿಸುತ್ತದೆ. ಮನೆಯಲ್ಲಿ ಅಜ್ಜಿ ತಾತ ಕನ್ನಡದಲ್ಲೇ ಮಾತನಾಡುವುದಾದರೆ ಇದು ದಿನಕ್ಕೆ ಹತ್ತು ಸಲ ಎದುರಾಗುವ ಸಂಗತಿ. ‘ವಿಲ್’ ಎಂದು ಕರೆದರೂ ‘ವಿಲ್ಲು’ ಆಗುತ್ತದೆ; ಉಯಿಲಿಗೆ ನಾವು ಬಳಸುವ ಮಾತೂ ಅದೇ.

ರಾಬರ್ಟಿಗೆ ಇಂಥ ತೊಡಕಿಲ್ಲ, ಆದರೆ ಇಂಗ್ಲೆಂಡಿನಲ್ಲಿ ಅದು ಈಗ ತಂದೆ, ತಾತಂದಿರ ತಲೆಮಾರಿನ ಹೆಸರಾಗಿ ಕೇಳಿಸುತ್ತದೆ. ಹೆನ್ರಿಯ ವಿಷಯ ಹೆಚ್ಚು ಕುತೂಹಲಕರ. ಇಂದು ಹೆನ್ರಿಯನ್ನು ಗಂಭೀರವಾದ ಪೂರ್ಣ ಹೆಸರೆಂದೂ ಹ್ಯಾರಿಯನ್ನು ಅದರ ಮುದ್ದಿನ ರೂಪವೆಂದೂ ಭಾವಿಸುತ್ತೇವೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಫ್ರೆಂಚ್ ‘ಆನ್ರಿ’ ಜನರ ಬಾಯಲ್ಲಿ ‘ಹ್ಯಾರಿ’ಯೇ ಆಗಿತ್ತು, ದೊರೆಗಳನ್ನೂ ಹಾಗೆಯೇ ಕರೆಯುತ್ತಿದ್ದರು, ‘ಹೆನ್ರಿ’ ಎಂಬುದು ಲ್ಯಾಟಿನ್ ಬರಹದ ಪ್ರಭಾವದಿಂದ ನೆಲೆಗೊಂಡ ರೂಪ. ವಿದೇಶದಲ್ಲಿ ಹರಿ ಎಂಬ ಹೆಸರಿನವರು ಹ್ಯಾರಿ ಎಂದು ಕರೆಸಿಕೊಳ್ಳುವುದು ಎಲ್ಲರೂ ಕಂಡ ಸಂಗತಿಯೇ ಆದ್ದರಿಂದ, ಎರಡೂ ಕಡೆಯ ಅಜ್ಜಂದಿರನ್ನು ಸಂತೋಷಪಡಿಸಬೇಕಾದ ಮನೆಗಳಿಗೆ ದಾಖಲೆಯಲ್ಲಿ ಹೆನ್ರಿ, ಮನೆಯಲ್ಲಿ ಹರಿ ಎಂಬ ಏರ್ಪಾಡು ಚೆನ್ನಾಗಿ ಹೊಂದುತ್ತದೆ.

ಬೈಬಲಿನ ಹೆಸರುಗಳು: ಅರ್ಥ ಖಚಿತ, ರೂಪ ಹಲವು

ಅರ್ಥವೇ ಮುಖ್ಯ ಎನ್ನುವವರು ನೋಡಬೇಕಾದದ್ದು ಹೀಬ್ರೂ ಮೂಲದ ಹೆಸರುಗಳನ್ನು. ಅವುಗಳಲ್ಲಿ ಹಲವು ನಿಜವಾಗಿಯೂ ಪುಟ್ಟ ವಾಕ್ಯಗಳು. ಜಾನ್ ಎಂದರೆ ‘ಯೆಹೋವನು ಕೃಪೆ ತೋರಿದ್ದಾನೆ’, ಡೇನಿಯಲ್ ಎಂದರೆ ‘ದೇವರೇ ನನ್ನ ನ್ಯಾಯಾಧೀಶ’, ಮೈಕೆಲ್ ಎಂದರೆ ‘ದೇವರಿಗೆ ಸಮಾನರು ಯಾರು’ ಎಂಬ ಪ್ರಶ್ನೆ. ಕನ್ನಡ ಬೈಬಲನ್ನು ಓದುವ ಮನೆಗಳಿಗೆ ಇವು ಯೋಹಾನ, ದಾನಿಯೇಲ, ಮಿಕಾಯೇಲ ಎಂಬ ರೂಪಗಳಲ್ಲಿ ಈಗಾಗಲೇ ಗೊತ್ತು. ಅವರ ಮುಂದಿರುವ ಪ್ರಶ್ನೆ ಯಾವ ಹೆಸರು ಎಂಬುದಕ್ಕಿಂತ ಯಾವ ರೂಪ ಎಂಬುದು.

ಜಾನ್ ಹೆಸರನ್ನೇ ತೆಗೆದುಕೊಳ್ಳಿ. 1215ರಲ್ಲಿ ಅರಸನ ಅಧಿಕಾರಕ್ಕೆ ಮಿತಿ ಹಾಕಿದ ಮ್ಯಾಗ್ನಾ ಕಾರ್ಟಾ ಸನ್ನದಿಗೆ ಮುದ್ರೆ ಒತ್ತಬೇಕಾಗಿ ಬಂದ ಜಾನ್ ದೊರೆಯ ನಂತರ ಆ ಹೆಸರಿನ ಇನ್ನೊಬ್ಬ ಅರಸ ಇಂಗ್ಲೆಂಡಿನಲ್ಲಿ ಆಗಲಿಲ್ಲ. ಆದರೆ ಪ್ರಜೆಗಳಲ್ಲಿ ಅದಕ್ಕೆ ಯಾವ ಕುಂದೂ ಬರಲಿಲ್ಲ; 14ನೇ ಶತಮಾನದ ಹೊತ್ತಿಗೆ ಅದೇ ಎಲ್ಲಕ್ಕಿಂತ ಸಾಮಾನ್ಯವಾದ ಹೆಸರಾಗಿತ್ತು. ಸ್ಕಾಟ್ಲೆಂಡಿನಲ್ಲಿ ಅದು ಇಯನ್, ವೇಲ್ಸಿನಲ್ಲಿ ಎವನ್, ಐರ್ಲೆಂಡಿನಲ್ಲಿ ಶಾನ್ ಆಯಿತು. ಜ್ಯಾಕ್ ಕೂಡ ಜಾನ್ ಹೆಸರಿನ ಮಧ್ಯಯುಗದ ಮುದ್ದಿನ ರೂಪದಿಂದ ಬಂದದ್ದು. ಬಹುಕಾಲ ಕೂಲಿಯಾಳು, ನಾವಿಕ, ಯಾವನೋ ಒಬ್ಬ ಎಂಬ ಅರ್ಥದಲ್ಲಿ ಬಳಕೆಯಾಗುತ್ತಿದ್ದ ಈ ಪದ 1995ರಿಂದ 2008ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸಿನ ಪಟ್ಟಿಯಲ್ಲಿ ಸತತ 14 ವರ್ಷ ಮೊದಲ ಸ್ಥಾನದಲ್ಲಿತ್ತು. ಇಂದು ಜಾನ್ ಎಂಬ ಹಸುಗೂಸು ಅಲ್ಲಿ ಅಪರೂಪ. ಆ ಕಾರಣಕ್ಕಾಗಿಯೇ ಅದನ್ನು ಇಡಬೇಕೆಂದು ನನಗನ್ನಿಸುತ್ತದೆ: ಎಲ್ಲರೂ ಬಲ್ಲ, ಯಾರೂ ತಪ್ಪಾಗಿ ಬರೆಯಲಾಗದ, ತರಗತಿಯಲ್ಲಿ ಮಾತ್ರ ಒಬ್ಬನಿಗೇ ಇರುವ ಹೆಸರು ಸಿಗುವುದು ಬಹಳ ಕಷ್ಟ.

ಜೇಮ್ಸ್ ಮತ್ತು ಜೇಕಬ್ ಜೋಡಿಯಲ್ಲಿ ಅನೇಕರು ಎಡವುತ್ತಾರೆ. ಜೇಕಬ್ ಎಂದರೆ ‘ಹಿಮ್ಮಡಿ ಹಿಡಿದವನು’, ಅದರಿಂದ ‘ಇನ್ನೊಬ್ಬನ ಸ್ಥಾನವನ್ನು ಕಸಿದವನು’ ಎಂಬ ಅರ್ಥವನ್ನು ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಕಥೆಯೇ ಕೊಡುತ್ತದೆ. ಅದನ್ನು ಓದಿ ಬೇಡವೆಂದವರು ಜೇಮ್ಸ್ ಕಡೆಗೆ ತಿರುಗುತ್ತಾರೆ. ಆದರೆ ಎರಡೂ ಒಂದೇ ಹೆಸರು. ಹೀಬ್ರೂವಿನ ಯಾಕೋವ್ ಲ್ಯಾಟಿನ್ನಿನಲ್ಲಿ ‘ಯಾಕೋಬುಸ್’ ಆಗಿ, ಆಮೇಲೆ ‘ಯಾಕೋಮುಸ್’ ಆಗಿ, ಫ್ರೆಂಚಿನ ಮೂಲಕ ಸವೆದು ಜೇಮ್ಸ್ ಆಯಿತು. ಕನ್ನಡ ಬೈಬಲಿನಲ್ಲಿ ಹಳೆಯ ಒಡಂಬಡಿಕೆಯ ಪಿತೃವಿಗೂ ಹೊಸ ಒಡಂಬಡಿಕೆಯ ಶಿಷ್ಯನಿಗೂ ‘ಯಾಕೋಬ’ ಎಂಬ ಒಂದೇ ಹೆಸರಿರುವುದರಿಂದ ನಮ್ಮ ಓದುಗರಿಗೆ ಇದು ಇಂಗ್ಲಿಷ್ ಓದುಗರಿಗಿಂತ ಬೇಗ ಕಾಣುತ್ತದೆ. ಅರ್ಥದ ಕಾರಣಕ್ಕೆ ಜೇಕಬ್ ಬೇಡವಾದರೆ ಜೇಮ್ಸ್ ಕೂಡ ಬೇಡವಾಗಬೇಕು. ಕಾರಣ ಇತಿಹಾಸವಾದರೆ ಆಯ್ಕೆ ಬೇರೆಯೇ: ಜೇಮ್ಸ್ ಎಂಬುದು ಸ್ಕಾಟ್ಲೆಂಡಿನ ಅರಸರ ಹೆಸರಾಗಿದ್ದು 1603ರಲ್ಲಿ ಇಂಗ್ಲೆಂಡಿನ ಸಿಂಹಾಸನಕ್ಕೂ ಬಂತು, ಜೇಕಬ್ ಪ್ರೊಟೆಸ್ಟೆಂಟ್ ಮತ್ತು ಯಹೂದಿ ಮನೆಗಳಲ್ಲಿ ಬೆಳೆದು ಅಮೆರಿಕದಲ್ಲಿ ಹೆಚ್ಚು ಬಳಕೆಯಾಯಿತು.

ಥಾಮಸ್ ಎಂಬುದು ಅರಮಾಯಿಕ್ ಭಾಷೆಯಲ್ಲಿ ‘ಅವಳಿ’. ಮೂಲದಲ್ಲಿ ಅದು ಹೆಸರಲ್ಲ, ಗುರುತಿನ ಮಾತು. ಇಂಗ್ಲೆಂಡಿನಲ್ಲಿ ಅದು ಮನೆಮಾತಾದದ್ದು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಥಾಮಸ್ ಬೆಕೆಟ್ 1170ರ ಡಿಸೆಂಬರಿನಲ್ಲಿ ತನ್ನ ಚರ್ಚಿನಲ್ಲೇ ಕೊಲೆಯಾಗಿ, 1173ರಲ್ಲಿ ಸಂತನೆಂದು ಘೋಷಿತನಾದ ಮೇಲೆ. ನಿಜವಾಗಿ ಅವಳಿ ಮಕ್ಕಳಾದ ಮನೆಗಳಲ್ಲಿ ಒಬ್ಬನಿಗೆ ಥಾಮಸ್ ಇಡುವುದು ಚೆಂದ.

ಹಳೆಯ ಒಡಂಬಡಿಕೆಯ ಸ್ಯಾಮ್ಯುಯಲ್, ಡೇನಿಯಲ್, ಜೋಸೆಫ್, ಬೆಂಜಮಿನ್ ಹೆಸರುಗಳು ಇಂಗ್ಲೆಂಡಿನಲ್ಲಿ ವ್ಯಾಪಕವಾದದ್ದು ಧರ್ಮಸುಧಾರಣೆಯ, ಅಂದರೆ ಪ್ರೊಟೆಸ್ಟೆಂಟರು ರೋಮಿನ ಚರ್ಚಿನಿಂದ ಬೇರೆಯಾದ ಚಳವಳಿಯ, ನಂತರ. ಸಂತರ ಹೆಸರುಗಳಲ್ಲಿ ಕಥೋಲಿಕ ವಾಸನೆಯಿದೆಯೆಂದು ಭಾವಿಸಿದ ಪ್ಯೂರಿಟನ್ನರು ಬೈಬಲಿನ ಹಳೆಯ ಪುಟಗಳಿಗೆ ತಿರುಗಿದರು. ಅವರ ಮೂಲಕ ಅವು ಅಮೆರಿಕಕ್ಕೂ ಹೋದವು. ನಮ್ಮ ನಾಡಿಗೂ ಬಂದವು. ನಮ್ಮ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಹೊರತಂದ ಬಿ. ಎಲ್. ರೈಸ್ ಅವರ ಪೂರ್ಣ ಹೆಸರು ಬೆಂಜಮಿನ್ ಲೂಯಿಸ್ ರೈಸ್. ಅವರು 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು, ಲಂಡನ್ ಮಿಷನ್ನಿನ ಪಾದ್ರಿಯೊಬ್ಬರ ಮಗ, ತಂದೆಯ ಹೆಸರೂ ಬೆಂಜಮಿನ್. ಈ ಹೆಸರಿನ ಹಿಂದೆ ಒಂದು ಕರುಳು ಹಿಂಡುವ ಕಥೆಯಿದೆ. ಹೆರಿಗೆಯಲ್ಲಿ ಸಾಯುತ್ತಿದ್ದ ಯಾಕೋಬನ ಹೆಂಡತಿ ರಾಹೇಲಳು ಮಗುವಿಗೆ ‘ನನ್ನ ದುಃಖದ ಮಗ’ ಎಂಬ ಅರ್ಥದ ಬೆನೋನಿ ಎಂದು ಹೆಸರಿಟ್ಟಳು. ತಂದೆ ಅದನ್ನು ಬದಲಿಸಿ ‘ಬಲಗೈಯ ಮಗ’ ಎಂಬ ಅರ್ಥದ ಬೆನ್ಯಾಮೀನ್ ಎಂದ. ಮುದ್ದಿನ ರೂಪ ‘ಬೆನ್’ ಕನ್ನಡದಲ್ಲಿ ‘ಬೆನ್ನು’ ಆಗುವುದೊಂದನ್ನು ಬಿಟ್ಟರೆ ಇದರಲ್ಲಿ ನನಗೆ ಯಾವ ಕೊರತೆಯೂ ಕಾಣುವುದಿಲ್ಲ.

‘ದೇವರು ಕೊಟ್ಟವನು’ ಎಂಬ ಅರ್ಥವನ್ನೇ ಹುಡುಕುವವರಿಗೆ, ಅಂದರೆ ನಮ್ಮ ದೇವದತ್ತನಿಗೆ ಇಂಗ್ಲಿಷ್ ಜೊತೆಗಾರನನ್ನು ಹುಡುಕುವವರಿಗೆ, ಆಯ್ಕೆ ಧಾರಾಳವಾಗಿದೆ: ಹೀಬ್ರೂವಿನಿಂದ ಮ್ಯಾಥ್ಯೂ, ಜೊನಾಥನ್, ನಥಾನಿಯಲ್, ಗ್ರೀಕಿನಿಂದ ಥಿಯೊಡೋರ್. ಮ್ಯಾಥ್ಯೂ ಎಲ್ಲರ ಬಾಯಿಗೂ ಪರಿಚಿತ, ಕೇರಳದ ನೆರೆಹೊರೆಯಿಂದ ನಮಗಂತೂ ಇನ್ನೂ ಪರಿಚಿತ. ನಥಾನಿಯಲ್ ಹೆಸರನ್ನು ‘ನಾಥನ್’ ಎಂದು ಮೊಟಕುಮಾಡಿದರೆ ಭಾರತೀಯ ಹೆಸರಾಗಿಯೇ ಕೇಳಿಸುತ್ತದೆ. ಥಿಯೊಡೋರ್ ಈಚಿನ ವರ್ಷಗಳಲ್ಲಿ ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಬಹಳ ಏರಿದೆ. ತರಗತಿಗೆ ಇಬ್ಬರು ಮೂವರು ಥಿಯೊಗಳಿರುವುದು ಇಷ್ಟವಿಲ್ಲದಿದ್ದರೆ ಜೊನಾಥನ್ ಒಳ್ಳೆಯದು.

ಜಾರ್ಜ್ ಮತ್ತು ಅಲೆಕ್ಸಾಂಡರ್

ಗ್ರೀಕ್ ಮೂಲದ ಈ ಎರಡರ ಅರ್ಥದಲ್ಲೂ ಸಂದೇಹವಿಲ್ಲ. ಜಾರ್ಜ್ ಎಂಬುದು ‘ಭೂಮಿ’ ಮತ್ತು ‘ಕೆಲಸ’ ಸೇರಿ ಆದದ್ದು, ನೆಲ ಗೆಯ್ಯುವವನು ಎಂದರ್ಥ. ಅಲೆಕ್ಸಾಂಡರ್ ಎಂದರೆ ಜನರನ್ನು ಕಾಯುವವನು. ಸಂತ ಜಾರ್ಜ್ ಇಂಗ್ಲೆಂಡಿನ ಪೋಷಕ ಸಂತನಾಗಿದ್ದರೂ ಆ ಹೆಸರು ಅಲ್ಲಿ ನಿಜವಾಗಿ ಹರಡಿದ್ದು 1714ರಲ್ಲಿ ಹ್ಯಾನೋವರಿನಿಂದ ಬಂದ ಜಾರ್ಜ್ ದೊರೆಯಾದ ಮೇಲೆ. ಅವನ ಮರಿಮಗ ಮೂರನೆಯ ಜಾರ್ಜನಿಗೆ ಬೇಸಾಯದಲ್ಲಿ ಎಷ್ಟು ಆಸಕ್ತಿಯಿತ್ತೆಂದರೆ ಜನರು ಅವನನ್ನು ‘ರೈತ ಜಾರ್ಜ್’ ಎಂದೇ ಕರೆದರು. ಹೆಸರಿನ ಮೂಲಾರ್ಥವನ್ನು ಅರಿತೋ ಅರಿಯದೆಯೋ ಎರಡು ಸಲ ಹೇಳಿದಂತಾಯಿತು. ಒಕ್ಕಲುತನದ ಹಿನ್ನೆಲೆಯ ಕುಟುಂಬಗಳು ಇದಕ್ಕಿಂತ ಹೊಂದುವ ಇಂಗ್ಲಿಷ್ ಹೆಸರನ್ನು ಹುಡುಕಬೇಕಾಗಿಲ್ಲ. ಅಲೆಕ್ಸಾಂಡರ್ ಹೆಚ್ಚು ವೈಭವದ್ದು, ಯುರೋಪಿನ ಎಲ್ಲ ಭಾಷೆಗಳಲ್ಲೂ ಇರುವಂಥದ್ದು, ಭಾರತದಲ್ಲಿ ಸಿಕಂದರನಾಗಿ ನೆಲೆಸಿದ್ದು. ಆದರೆ ಪ್ರತಿದಿನ ಬಳಕೆಗೆ ಅದು ‘ಅಲೆಕ್ಸ್’ ಆಗಿಯೇ ತೀರುತ್ತದೆ, ಅಲೆಕ್ಸ್ ಹುಡುಗಿಯರ ಹೆಸರೂ ಹೌದು. ಕೆಲಸ ಮಾಡುವ ದೇಶ ಮುಂದೆ ಬದಲಾಗಬಹುದೆಂದು ಎಣಿಸುವವರಿಗೆ ಅಲೆಕ್ಸಾಂಡರ್, ಇಂಗ್ಲೆಂಡಿನಲ್ಲೇ ಬೇರುಬಿಡುವವರಿಗೆ ಜಾರ್ಜ್.

ಆಲಿವರ್ 2013ರಿಂದ 2020ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಮೊದಲ ಸ್ಥಾನದಲ್ಲಿದ್ದ ಹೆಸರು. ಪಟ್ಟಿಗಳು ಅದಕ್ಕೆ ‘ಆಲಿವ್ ಮರ’ ಎಂದು ಅರ್ಥ ಬರೆಯುತ್ತವೆ. ನಾರ್ಸ್ (ಹಳೆಯ ಸ್ಕ್ಯಾಂಡಿನೇವಿಯಾದ ಭಾಷೆ) ಅಥವಾ ಬೇರೆ ಜರ್ಮ್ಯಾನಿಕ್ ಹೆಸರೊಂದು ಫ್ರೆಂಚಿನಲ್ಲಿ ಆ ಮರದ ಹೆಸರಿನ ಆಕಾರ ಪಡೆಯಿತೆಂಬ ವಾದವೂ ಅಷ್ಟೇ ಬಲವಾಗಿದೆ. ಅರಸೊತ್ತಿಗೆಯನ್ನು ಕಿತ್ತೊಗೆದು ಆಳಿದ ಆಲಿವರ್ ಕ್ರಾಮ್‌ವೆಲ್ 1658ರಲ್ಲಿ ತೀರಿಕೊಂಡು 1660ರಲ್ಲಿ ಅರಸೊತ್ತಿಗೆ ಮರಳಿದ ಮೇಲೆ ಆಲಿವರ್ ಬಹುಕಾಲ ಯಾರಿಗೂ ಬೇಡವಾದ ಹೆಸರಾಗಿತ್ತು.

ಆರ್ಥರ್, ನೀಲ್, ಕಿಯರನ್

ಬ್ರಿಟನ್ ಮತ್ತು ಐರ್ಲೆಂಡಿನ ಕೆಲ್ಟಿಕ್ ಭಾಷೆಗಳಿಂದ ಬಂದ ಹೆಸರುಗಳಲ್ಲಿ ಅರ್ಥದ ವಿವಾದ ಹೆಚ್ಚು. ಆರ್ಥರ್ ಎಂಬುದು ‘ಕರಡಿ’ ಎಂಬ ಕೆಲ್ಟಿಕ್ ಪದದಿಂದ ಬಂತೆಂದು ಕೆಲವರು, ಆರ್ಟೋರಿಯುಸ್ ಎಂಬ ರೋಮನ್ ಮನೆತನದ ಹೆಸರಿನಿಂದ ಬಂತೆಂದು ಕೆಲವರು ಹೇಳುತ್ತಾರೆ. ಅದರ ಇತಿಹಾಸ ಮಾತ್ರ ನಮ್ಮ ನೆಲವನ್ನು ಮುಟ್ಟುತ್ತದೆ. 19ನೇ ಶತಮಾನದಲ್ಲಿ ಈ ಹೆಸರನ್ನು ಮತ್ತೆ ಮೇಲೆತ್ತಿದ್ದು ಆರ್ಥರ್ ದೊರೆಯ ಪುರಾಣದ ಮೇಲಿನ ಹೊಸ ಒಲವು ಮಾತ್ರವಲ್ಲ, ವೆಲಿಂಗ್ಟನ್ನಿನ ಡ್ಯೂಕ್ ಆರ್ಥರ್ ವೆಲ್ಲೆಸ್ಲಿಯ ಕೀರ್ತಿಯೂ ಹೌದು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದು, ಆಮೇಲೆ ಆ ಊರಿನ ಆಡಳಿತ ವಹಿಸಿಕೊಂಡವನು ಇವನೇ. 1850ರಲ್ಲಿ ವಿಕ್ಟೋರಿಯಾ ರಾಣಿಯ ಮೂರನೆಯ ಮಗ ಮೇ 1ರಂದು, ಡ್ಯೂಕನ ಹುಟ್ಟುಹಬ್ಬದ ದಿನವೇ ಹುಟ್ಟಿದಾಗ ಅವನಿಗೆ ಆರ್ಥರ್ ಎಂದು ಹೆಸರಿಟ್ಟು ಡ್ಯೂಕನನ್ನೇ ದೀಕ್ಷಾಸ್ನಾನದ ಜ್ಞಾನಪಿತನನ್ನಾಗಿ (ಗಾಡ್‌ಫಾದರ್) ಮಾಡಿದರು. ಶ್ರೀರಂಗಪಟ್ಟಣದ ನೆನಪು ಯಾರಿಗೆ ಹೇಗಿದೆಯೋ, ಈ ಹೆಸರನ್ನು ಇಡುವ ಕನ್ನಡಿಗರು ಇದನ್ನು ತಿಳಿದೇ ಇಡುವುದು ಒಳ್ಳೆಯದು.

ವಿದೇಶದ ಭಾರತೀಯರು ಹೆಚ್ಚಾಗಿ ಆರಿಸುವುದು ಎರಡೂ ಕಡೆ ಸಲ್ಲುವ ಹೆಸರುಗಳನ್ನು. ಅವುಗಳಲ್ಲಿ ನೀಲ್ ಮತ್ತು ಕಿಯರನ್ ಹೆಸರುಗಳನ್ನು ಹತ್ತಿರದಿಂದ ನೋಡಬೇಕು. ಐರಿಷ್ ‘ನಿಯಲ್’ ಮೂಲದ ನೀಲ್‌ಗೆ ‘ಮೋಡ’ ಎಂದೋ ‘ವೀರ’ ಎಂದೋ ಖಚಿತವಾಗಿಲ್ಲ. ಮಧ್ಯಯುಗದ ಗುಮಾಸ್ತರು ಅದನ್ನು ಲ್ಯಾಟಿನ್ನಿನಲ್ಲಿ ಬರೆಯುವಾಗ ‘ಕಪ್ಪು’ ಎಂಬ ಲ್ಯಾಟಿನ್ ಪದದಿಂದ ಬಂದಿರಬೇಕೆಂದು ಭಾವಿಸಿ ‘ನಿಗೆಲ್ಲುಸ್’ ಎಂದು ಬರೆದರು. ಅದರಿಂದಲೇ ನೈಜಲ್ ಹುಟ್ಟಿತು. ಮೋಡ, ಕಪ್ಪು, ನಮ್ಮ ನೀಲ: ಬೇರೆ ಬೇರೆ ಮೂಲಗಳಿಂದ ಬಂದರೂ ಇವು ಒಂದರ ಪಕ್ಕ ಒಂದು ಹಿತವಾಗಿ ಕೂರುತ್ತವೆ. ಕಿಯರನ್ ಹಾಗಲ್ಲ. ಕಿರಣ್ ಎಂಬ ಹೆಸರಿಗೆ ಇಂಗ್ಲಿಷ್ ಜೋಡಿಯೆಂದು ಇದನ್ನು ಆರಿಸುವವರಿದ್ದಾರೆ. ಉಚ್ಚಾರ ನಿಜಕ್ಕೂ ಹತ್ತಿರ. ಆದರೆ ಐರಿಷ್ ಭಾಷೆಯಲ್ಲಿ ಅದರ ಅರ್ಥ ‘ಪುಟ್ಟ ಕರಿಯ’, ಕೂದಲು ಅಥವಾ ಮೈಬಣ್ಣ ಕಪ್ಪಾಗಿರುವವನು. ಬೆಳಕಿನ ಹೆಸರನ್ನು ಬಯಸಿದವರ ಕೈಗೆ ಅದರ ವಿರುದ್ಧಾರ್ಥ ಬಂದಿರುತ್ತದೆ. ಕೃಷ್ಣ, ಶ್ಯಾಮರನ್ನು ಪೂಜಿಸುವ ನಮಗೆ ಕಪ್ಪು ಎಂಬುದು ದೋಷವಲ್ಲ. ಹಾಗಾಗಿ ಶ್ಯಾಮಸುಂದರನೆಂಬ ತಾತನ ಮೊಮ್ಮಗನಿಗೆ ಕಿಯರನ್ ಬಹಳ ಒಪ್ಪುತ್ತದೆ, ಕಿರಣನೆಂಬ ತಂದೆಯ ಮಗನಿಗಲ್ಲ.

ಮನೆತನದ ಹೆಸರುಗಳಿಂದ ಬಂದ ಮೇಸನ್, ಕಾರ್ಟರ್, ಕೂಪರ್, ಬ್ರ್ಯಾಡ್ಲಿ, ಕ್ಲಿಫರ್ಡ್ ಮುಂತಾದವುಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಕಲ್ಲುಕುಟಿಗ, ಗಾಡಿ ಹೊಡೆಯುವವನು, ಪೀಪಾಯಿ ಮಾಡುವವನು, ಅಗಲವಾದ ಬಯಲು, ಬಂಡೆಯ ಬಳಿ ಹೊಳೆ ದಾಟುವ ಜಾಗ ಎಂಬ ಅವುಗಳ ಅರ್ಥ ಸ್ಪಷ್ಟವಾಗಿಯೇ ಇದೆ. ಅಮೆರಿಕದಲ್ಲಿ ಇವು ಸಹಜ. ಭಾರತೀಯ ಮನೆತನದ ಹೆಸರಿನ ಹಿಂದೆ ಇವನ್ನು ಇಟ್ಟಾಗ ಎರಡು ಮನೆತನಗಳು ಒಂದರ ಮೇಲೊಂದು ಬಂದಂತಾಗುತ್ತದೆ; ನಾನಾದರೆ ಇವನ್ನು ಆರಿಸುವುದಿಲ್ಲ.

ಪೂರ್ಣ ರೂಪ, ಕಾಗುಣಿತ, ನೋಂದಣಿ

ಆರ್ಚಿ, ಆಲ್ಫಿ, ಚಾರ್ಲಿ, ಟೆಡ್ಡಿ ಮುಂತಾದ ಮುದ್ದಿನ ರೂಪಗಳನ್ನೇ ಜನನ ಪ್ರಮಾಣಪತ್ರದಲ್ಲಿ ಬರೆಸುವುದು ಇಂದು ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿದೆ, ಅಲ್ಲಿ ಯಾರೂ ಅದನ್ನು ಹಗುರವಾಗಿ ಕಾಣುವುದಿಲ್ಲ. ಆದರೂ ಪೂರ್ಣ ರೂಪವನ್ನು ಬರೆಸಿ ಮುದ್ದಿನದನ್ನು ಮನೆಗೆ ಇಟ್ಟುಕೊಳ್ಳುವುದರಲ್ಲಿ ಮಗುವಿಗೆ ಲಾಭವಿದೆ: ನಲವತ್ತರ ವಯಸ್ಸಿನಲ್ಲಿ ಯಾವ ರೂಪ ಬೇಕೆಂಬುದನ್ನು ಅವನೇ ಆರಿಸಿಕೊಳ್ಳಬಹುದು. ನಡುವಿನ ಹೆಸರಿನ ಜಾಗವನ್ನು ಕನ್ನಡದ ಹೆಸರಿಗೆ ಮೀಸಲಿಡುವುದಾದರೆ ಎರಡನ್ನೂ ಒಟ್ಟಿಗೆ ಗಟ್ಟಿಯಾಗಿ ಹೇಳಿ ನೋಡಬೇಕು. ಜಾರ್ಜ್ ರಾಘವೇಂದ್ರ ಎಂಬುದು ಸರಾಗವಾಗಿ ಬರುತ್ತದೆ, ಜೇಮ್ಸ್ ಶ್ರೀನಿವಾಸ ಎಂಬಲ್ಲಿ ‘ಸ್’ ಮತ್ತು ‘ಶ್’ ಒಂದಕ್ಕೊಂದು ತೊಡರುತ್ತವೆ.

ಜನಪ್ರಿಯತೆಯ ಪಟ್ಟಿಗಳನ್ನು ನೋಡುವಾಗ ಒಂದು ವಿಷಯ ನೆನಪಿರಲಿ: ಇಂಗ್ಲೆಂಡಿನ ಅಂಕಿಅಂಶ ಇಲಾಖೆ ಪ್ರತಿಯೊಂದು ಕಾಗುಣಿತವನ್ನೂ ಬೇರೆ ಹೆಸರೆಂದೇ ಎಣಿಸುತ್ತದೆ. 2021ರಲ್ಲಿ ನೋವಾ, 2023ರಲ್ಲಿ ಮುಹಮ್ಮದ್ ಮೊದಲ ಸ್ಥಾನಕ್ಕೆ ಬಂದದ್ದು ಈ ಲೆಕ್ಕದಲ್ಲಿಯೇ. ಆದ್ದರಿಂದ ಪಟ್ಟಿಯಲ್ಲಿ ಕೆಳಗೆ ಕಾಣುವ ಹೆಸರು ನಿಜವಾಗಿ ಅಪರೂಪವಾಗಿರಬೇಕೆಂದಿಲ್ಲ. ಅದರ ಎರಡು ಮೂರು ಕಾಗುಣಿತಗಳನ್ನು ಕೂಡಿಸಿ ನೋಡಬೇಕು, ಹೆನ್ರಿಯ ಜೊತೆಗೆ ಹ್ಯಾರಿಯನ್ನೂ ಥಿಯೊಡೋರ್ ಜೊತೆಗೆ ಥಿಯೊವನ್ನೂ ಎಣಿಸಬೇಕು. ಕಾಗುಣಿತ ಒಂದಕ್ಕಿಂತ ಹೆಚ್ಚಿದ್ದಾಗ, ಮಗು ಬೆಳೆಯುವ ಊರಿನಲ್ಲಿ ಯಾವುದು ಹೆಚ್ಚು ರೂಢಿಯೋ ಅದನ್ನೇ ಹಿಡಿಯಿರಿ. ಹೊಸ ಕಾಗುಣಿತವನ್ನು ಕಲ್ಪಿಸಿದರೆ ಜೀವನವಿಡೀ ಅಕ್ಷರ ಬಿಡಿಸಿ ಹೇಳುವ ಕೆಲಸ ಅವನ ಪಾಲಿಗೆ ಬರುತ್ತದೆ.

ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಜನನವನ್ನು 42 ದಿನಗಳೊಳಗೆ, ಸ್ಕಾಟ್ಲೆಂಡಿನಲ್ಲಿ 21 ದಿನಗಳೊಳಗೆ ನೋಂದಾಯಿಸಬೇಕು. ಇಂಗ್ಲೆಂಡಿನಲ್ಲಿ ನೋಂದಾಯಿಸಿದ ಮೇಲೂ 12 ತಿಂಗಳೊಳಗೆ ಮಗುವಿನ ಹೆಸರನ್ನು ಬದಲಿಸಲು ಅಥವಾ ಸೇರಿಸಲು ಅವಕಾಶವಿದೆ. ಭಾರತದಲ್ಲಿ ಜನನದ ನೋಂದಣಿಗೆ 21 ದಿನ. ಹೆಸರಿಲ್ಲದೆ ನೋಂದಾಯಿಸಿದ್ದರೆ 12 ತಿಂಗಳವರೆಗೆ ಶುಲ್ಕವಿಲ್ಲದೆ, ಆಮೇಲೆ ತಡವಾದ ಶುಲ್ಕ ಕಟ್ಟಿ 15 ವರ್ಷದವರೆಗೂ ಹೆಸರನ್ನು ಸೇರಿಸಬಹುದು. ಹಾಗಾಗಿ ಎರಡು ಹೆಸರುಗಳ ನಡುವೆ ತೀರ್ಮಾನವಾಗದಿದ್ದರೆ ಆತುರಪಡಬೇಕಾಗಿಲ್ಲ. ಒಂದು ವಾರ ಒಂದು ಹೆಸರಿನಿಂದ, ಮುಂದಿನ ವಾರ ಇನ್ನೊಂದರಿಂದ ಮನೆಯವರೆಲ್ಲರೂ ಮಗುವನ್ನು ಕರೆದು ನೋಡಿ, ಅಜ್ಜಿಯ ಬಾಯಲ್ಲೂ ಸೋದರಮಾವನ ಬಾಯಲ್ಲೂ ಯಾವುದು ತೊಡರದೆ ಬಂತೋ ಅದನ್ನು ಬರೆಸಿ.